ಬಲೂನು ಹೋಯಿತು, ಡ್ರೋನ್ ಹೋಯಿತು: ನೆಟ್ ಇಲ್ಲದ ಊರಿಗೆ ಕೊನೆಗೆ ಮುಟ್ಟೋದು ಯಾವುದು?

ಕೊಡಚಾದ್ರಿ ತಪ್ಪಲು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ತುಂಬ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು.

2013ರಲ್ಲಿ ಗೂಗಲ್‌ನವರು ನ್ಯೂಜಿಲೆಂಡಿನಲ್ಲಿ ಬಲೂನು ಹಾರಿಸಿದರು. ಇಪ್ಪತ್ತು ಕಿಲೋಮೀಟರ್ ಮೇಲಿನಿಂದ ನೆಟ್ ಕೊಡುತ್ತೇವೆ ಎಂದರು. ಲೂನ್ ಅಂತ ಹೆಸರು. 2021ರ ಜನವರಿಯಲ್ಲಿ ಮುಚ್ಚಿದರು. ಫೇಸ್‌ಬುಕ್‌ನವರು ಅಕ್ವಿಲಾ ಅಂತ ಬಿಸಿಲಿನಿಂದ ಓಡುವ ಡ್ರೋನ್ ಕಟ್ಟಿದರು. ಅದರ ರೆಕ್ಕೆ ಬೋಯಿಂಗ್ 737ರಷ್ಟು ಉದ್ದ. 2016ರಲ್ಲಿ ಹಾರಿತು, 2018ರಲ್ಲಿ ಕೈಬಿಟ್ಟರು. ಈಗ ಸ್ಟಾರ್‌ಲಿಂಕ್, ಒನ್‌ವೆಬ್, ಅಮೆಜಾನ್ ಎಲ್ಲರೂ ಉಪಗ್ರಹದಿಂದ ನೆಟ್ ಕೊಡುತ್ತೇವೆ ಅಂತ ಆಕಾಶಕ್ಕೆ ಏಣಿ ಹಾಕಿದ್ದಾರೆ.

ಅತ್ತ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2024ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಜಗತ್ತಿನ 260 ಕೋಟಿ ಜನಕ್ಕೆ ಇಂಟರ್ನೆಟ್ ಇಲ್ಲ.

ನನ್ನ ಪ್ರಶ್ನೆ ಎರಡು. ಇಷ್ಟು ದುಡ್ಡು, ಇಷ್ಟು ಬುದ್ಧಿ ಇದ್ದೂ ಬಲೂನು ಯಾಕೆ ಉಳಿಯಲಿಲ್ಲ? ಮತ್ತೆ, ಕಾಡು, ಗುಡ್ಡ, ಆರು ತಿಂಗಳು ಮಳೆ ಇರುವ ನಮ್ಮಂಥ ಕಡೆಗೆ ಇವುಗಳಲ್ಲಿ ಯಾವುದು ಹೊಂದುತ್ತದೆ? ಅನುಭವ ಇದ್ದವರು ಹೇಳಿ. ಜಾಹೀರಾತಿನ ಮಾತು ಬೇಡ.

ಸಿಗ್ನಲ್ ಶಾಸ್ತ್ರಿ

ಒಂದು ತಿದ್ದುಪಡಿ. ಒಕ್ಕೂಟದ 2025ರ ಲೆಕ್ಕದಲ್ಲಿ ಹೊರಗೆ ಉಳಿದವರು 220 ಕೋಟಿ. ಒಳಗಿರುವವರು 600 ಕೋಟಿ. ಉಳಿದ ಪ್ರಶ್ನೆಗೆ ಸಂಜೆ ಬರೆಯುತ್ತೇನೆ, ಈಗ ಆಫೀಸಿನಲ್ಲಿದ್ದೇನೆ.

ಹುಬ್ಬಳ್ಳಿ ಹುಲಿಯಪ್ಪ

ಉತ್ತರ ಒಂದೇ. ಸ್ಟಾರ್‌ಲಿಂಕ್. ಡಿಶ್ ಇಡಿ, ಪ್ಲಗ್ ಹಾಕಿ, ಮುಗಿಯಿತು. ಇನ್ನು ಕಂಬ, ತಂತಿ, ಟವರ್ ಯಾವುದೂ ಬೇಡ. ಇದರಲ್ಲಿ ಚರ್ಚೆ ಮಾಡೋದೇನಿದೆ?

ನೈರೋಬಿ ಕನ್ನಡತಿ

ಚರ್ಚೆ ಮಾಡೋದು ಬೇಕಾದಷ್ಟಿದೆ ಹುಲಿಯಪ್ಪನವರೇ.

ಮೊದಲು ಬಲೂನಿನ ವಿಷಯ. ಲೂನ್ ವ್ಯಾಪಾರಕ್ಕೆ ಇಳಿದಿದ್ದೇ ಇಲ್ಲಿ, ಕೀನ್ಯಾದಲ್ಲಿ. 2020ರ ಜುಲೈನಲ್ಲಿ ಟೆಲ್ಕಾಮ್ ಕೀನ್ಯಾ ಜೊತೆ ಸೇರಿ ಶುರು ಮಾಡಿದರು. ಸುಮಾರು 35 ಬಲೂನು, 50,000 ಚದರ ಕಿಲೋಮೀಟರ್ ಜಾಗ. ಎಲ್ಡೊರೆಟ್, ನಕುರು, ಕಿಸುಮು, ನರೋಕ್ ಕಡೆಯೆಲ್ಲ ಅದರ ಕೆಳಗೆ ಬರುತ್ತಿತ್ತು. ಆರು ತಿಂಗಳು ತುಂಬುವಷ್ಟರಲ್ಲಿ ಮುಚ್ಚುವ ಸುದ್ದಿ ಬಂತು.

ಬಲೂನು ಕೆಲಸ ಮಾಡಲಿಲ್ಲ ಅಂತಲ್ಲ. ಮಾಡಿತು. ಸಾಮಾನ್ಯ 4ಜಿ ಫೋನಿಗೇ ಸಿಗ್ನಲ್ ಬರುತ್ತಿತ್ತು. ಆದರೆ ಅವು ಇಲ್ಲಿಂದ ಹಾರುತ್ತಿರಲಿಲ್ಲ. ಅಮೆರಿಕದ ನೆವಾಡಾ ಮತ್ತು ಪೋರ್ಟೊ ರಿಕೊದಿಂದ ಬಿಟ್ಟು, ಗಾಳಿ ನೋಡಿಕೊಂಡು ಮೇಲೆ ಕೆಳಗೆ ಮಾಡುತ್ತಾ ಇಲ್ಲಿಯವರೆಗೆ ತರುತ್ತಿದ್ದರು. ಕೆಲವು ತಿಂಗಳಿಗೆ ಒಂದೊಂದನ್ನೂ ಇಳಿಸಿ ಹೊಸದು ಕಳಿಸಬೇಕು. ಅಷ್ಟು ಖರ್ಚಿನ ನೆಟ್ ಬಳಸಬೇಕಾದ ಊರಿನವರ ಕೈಯಲ್ಲಿ ಇದ್ದದ್ದು ಕೀಪ್ಯಾಡ್ ಫೋನ್. 4ಜಿ ಫೋನ್ ಕೊಳ್ಳುವ ಶಕ್ತಿ ಇದ್ದವರು ಹೆಚ್ಚಾಗಿ ಆಗಲೇ ಟವರ್ ಇರುವ ಪೇಟೆಯಲ್ಲಿದ್ದರು. ಲೆಕ್ಕ ಕೂಡೋದು ಹೇಗೆ?

ಕೊಡಚಾದ್ರಿ ತಪ್ಪಲು

ಗಾಳಿ ಹಿಡಿದು ಅಮೆರಿಕದಿಂದ ಕೀನ್ಯಾಗೆ ಬಲೂನು ತರುತ್ತಿದ್ದರು ಅಂದರೆ ನಂಬೋದಕ್ಕೇ ಆಗಲ್ಲ ಮೇಡಂ. ಅಷ್ಟು ವಿದ್ಯೆ ವ್ಯರ್ಥ ಆಯಿತಲ್ಲ.

ಸಿಗ್ನಲ್ ಶಾಸ್ತ್ರಿ

ವ್ಯರ್ಥ ಆಗಲಿಲ್ಲ. ಒಂದು ಬಲೂನಿನಿಂದ ಇನ್ನೊಂದಕ್ಕೆ ಮಾಹಿತಿ ದಾಟಿಸಲು ಅವರು ಬೆಳಕಿನ ಕಿರಣ ಬಳಸುವ ಪ್ರಯೋಗ ಮಾಡಿದ್ದರು. ಅದನ್ನೇ ನೆಲಕ್ಕಿಳಿಸಿ ಟಾರಾ ಅಂತ ಮಾಡಿದರು.

ಇದರ ದೊಡ್ಡ ಪರೀಕ್ಷೆ ಆಗಿದ್ದು ಕಾಂಗೋ ನದಿಯ ಮೇಲೆ. ಬ್ರಾಜವಿಲ್ ಈ ದಡ, ಕಿನ್ಷಾಸಾ ಆ ದಡ. ಎರಡೂ ಎರಡು ದೇಶದ ರಾಜಧಾನಿಗಳು, ಒಂದರಿಂದ ಒಂದು ಕಾಣುತ್ತದೆ. ಆದರೆ ನಡುವೆ ಹರಿಯೋದು ಜಗತ್ತಿನ ಅತಿ ಆಳದ ನದಿ, ಸೆಳೆತವೂ ಭಾರಿ. ಕೇಬಲ್ ಎಳೆಯೋಕಾಗದೆ 400 ಕಿಲೋಮೀಟರಿಗೂ ಜಾಸ್ತಿ ಸುತ್ತಿಸಿ ತರಬೇಕಿತ್ತು. ಹಾಗಾಗಿ ಕಿನ್ಷಾಸಾದಲ್ಲಿ ನೆಟ್ ಐದು ಪಟ್ಟು ದುಬಾರಿ. 2021ರಲ್ಲಿ ಎರಡೂ ಕಡೆ ಒಂದೊಂದು ಪೆಟ್ಟಿಗೆ ಎದುರುಬದುರು ಕೂರಿಸಿದರು. ನಡುವೆ 4.8 ಕಿಲೋಮೀಟರ್. ಕಣ್ಣಿಗೆ ಕಾಣದ ಬೆಳಕು, ಸೆಕೆಂಡಿಗೆ 20 ಗಿಗಾಬಿಟ್‌ವರೆಗೆ. ಇಪ್ಪತ್ತು ದಿನದಲ್ಲಿ ಸುಮಾರು 700 ಟೆರಾಬೈಟ್ ಸಾಗಿಸಿತು.

ಟವರ್ ಗಾಳಿಗೆ ಸ್ವಲ್ಪ ಅಲುಗಿದರೂ ಕಿರಣ ತಪ್ಪುತ್ತದೆ. ಅದಕ್ಕೆ ಒಳಗಿನ ಕನ್ನಡಿಗಳು ಸದಾ ತಿರುಗುತ್ತಾ ಎದುರಿನ ಪೆಟ್ಟಿಗೆಯನ್ನು ಹಿಡಿದುಕೊಂಡಿರುತ್ತವೆ. ಹಕ್ಕಿ ಅಡ್ಡ ಬಂದರೆ ಕಳೆದುಹೋದ ತುಣುಕನ್ನು ಮತ್ತೆ ಕಳಿಸುತ್ತದೆ. 2025ರ ಮಾರ್ಚ್‌ನಲ್ಲಿ ಟಾರಾ ಬೇರೆ ಕಂಪನಿಯಾಗಿ ಹೊರಬಂತು. ಅದರ ಮುಂದಾಳು ಮಹೇಶ್ ಕೃಷ್ಣಸ್ವಾಮಿ, ಚೆನ್ನೈನಲ್ಲಿ ಬೆಳೆದವರು.

ಆಗುಂಬೆ ಮಳೆ

ಹಕ್ಕಿಯನ್ನು ನಿಭಾಯಿಸಿದರು, ಸರಿ. ಮಂಜು?

ಸಿಗ್ನಲ್ ಶಾಸ್ತ್ರಿ

ಮಂಜೇ ಅದರ ಶತ್ರು. ದಟ್ಟ ಮಂಜಿನಲ್ಲಿ ಬೆಳಕು ಚೆದುರಿಹೋಗುತ್ತದೆ. ಟಾರಾದವರೇ ಇದನ್ನು ಒಪ್ಪುತ್ತಾರೆ. ಆಗುಂಬೆಗೆ ನಾನಂತೂ ಶಿಫಾರಸು ಮಾಡಲ್ಲ. ಬಯಲುಸೀಮೆಯಲ್ಲಿ ಹೊಳೆ, ರೈಲು ಹಳಿ, ಹೆದ್ದಾರಿ ದಾಟಿಸೋದಕ್ಕೆ ಒಳ್ಳೆಯದು.

ತಂತಿ ಜೋಡಿಸುವವ

ನಾನು ಶಿರಸಿ ಕಡೆ ಕೇಬಲ್ ಆಪರೇಟರ್. ಮೊದಲು ಟಿವಿ ಕೇಬಲ್, ಈಗ ಫೈಬರ್, ಅಂದರೆ ಬೆಳಕಿನಲ್ಲಿ ಮಾಹಿತಿ ಸಾಗಿಸುವ ಗಾಜಿನೆಳೆ. ನೀವೆಲ್ಲ ಆಕಾಶದ ಮಾತಾಡುತ್ತಿದ್ದೀರಿ. ನಾನು ನೆಲದ ಮಾತು ಹೇಳುತ್ತೇನೆ.

ನಮ್ಮ ಲೈನ್ ಹೋಗೋದು ಅಡಿಕೆ ತೋಟದ ಮೇಲೆ. ಸೋಗೆ ಬಿದ್ದರೆ ತಂತಿ ತಡೆದುಕೊಳ್ಳುತ್ತದೆ. ಮರವೇ ಬಿದ್ದರೆ ತುಂಡು. ಮನೆಯ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಿಕೊಳ್ಳುತ್ತದೆ, ಐದು ನಿಮಿಷಕ್ಕೆ ನನಗೆ ಫೋನು. "ತಮ್ಮಾ, ಮಗಳಿಗೆ ಮೀಟಿಂಗ್ ಇದೆ."

ತುಂಡಾದ ತುದಿಯ ಮೇಲಿನ ಪ್ಲಾಸ್ಟಿಕ್ ಸುಲಿಯಬೇಕು. ಸ್ಪಿರಿಟ್ ಹಚ್ಚಿ ಒರೆಸಬೇಕು. ಕ್ಲೀವರ್‌ನಲ್ಲಿ ನೇರ ಕತ್ತರಿಸಬೇಕು. ಎರಡೂ ತುದಿ ಮಷೀನಿನಲ್ಲಿಟ್ಟರೆ ಪರದೆಯ ಮೇಲೆ ಎದುರುಬದುರು ಕಾಣುತ್ತವೆ. ಒಂದು ಕಿಡಿ ಹೊಡೆಯುತ್ತದೆ, ಗಾಜು ಕರಗಿ ಒಂದಾಗುತ್ತದೆ. ಒಂದು ಹನಿ ನೀರು, ಒಂದು ಕಣ ಧೂಳು ಸೇರಿದರೆ ಮತ್ತೆ ಮೊದಲಿನಿಂದ. ಅದಕ್ಕೆ ಜೋರು ಮಳೆಯಲ್ಲಿ ಎರಡೂ ತುದಿಯನ್ನು ಜೀಪಿನೊಳಗೆ ಎಳೆದುಕೊಂಡು ಕೂತು ಜೋಡಿಸುತ್ತೇವೆ. ತಂತಿಯನ್ನು ಮತ್ತೆ ಮರಕ್ಕೆ ಕಟ್ಟಲು ಅಡಿಕೆ ಕೊನೆ ಕೊಯ್ಯುವ ಊರಿನ ಕೊನೆಗೌಡರೇ ಬೇಕು. ಅವರಂತೆ ಮರ ಹತ್ತುವವರು ಯಾವ ಕಂಪನಿಯಲ್ಲೂ ಇಲ್ಲ.

ಹೊಸ ತಂತ್ರಜ್ಞಾನ ಯಾವುದೇ ಬರಲಿ. ಕೆಟ್ಟಾಗ ಯಾರಿಗೆ ಫೋನ್ ಮಾಡಬೇಕು? ಅವರು ಎಷ್ಟು ಹೊತ್ತಿಗೆ ಬರುತ್ತಾರೆ? ನಾನು ಕೇಳೋದು ಇಷ್ಟೇ.

ಹುಬ್ಬಳ್ಳಿ ಹುಲಿಯಪ್ಪ

ಅಣ್ಣ, ಅದಕ್ಕೇ ನಾನು ಹೇಳಿದ್ದು. ಉಪಗ್ರಹಕ್ಕೆ ಮರ ಬೀಳಲ್ಲ.

ತಂತಿ ಜೋಡಿಸುವವ

ಮರ ಬೀಳಲ್ಲ, ಆದರೆ ಮರ ಅಡ್ಡ ನಿಲ್ಲುತ್ತದೆ. ನಮ್ಮ ಮನೆಗಳಿರೋದು ತೋಟದ ನಡುವೆ, ಕಣಿವೆಯಲ್ಲಿ. ಅಂಗಳದಲ್ಲಿ ನಿಂತರೆ ತಲೆಯ ಮೇಲೆ ಅಂಗೈಯಷ್ಟು ಆಕಾಶ. ಡಿಶ್ ಎಲ್ಲಿಡೋದು?

ಸಿಗ್ನಲ್ ಶಾಸ್ತ್ರಿ

ಅವರು ಹೇಳಿದ್ದು ಸರಿ. ಹಳೆಯ ಟಿವಿ ಡಿಶ್ ಒಂದೇ ಉಪಗ್ರಹ ನೋಡುತ್ತದೆ. ಅದು 35,786 ಕಿಲೋಮೀಟರ್ ಮೇಲೆ ಒಂದೇ ಜಾಗದಲ್ಲಿ ನಿಂತ ಹಾಗೆ ಕಾಣುತ್ತದೆ, ಎಲೆಗಳ ನಡುವೆ ಒಂದು ಕಿಂಡಿ ಸಾಕು. ಸ್ಟಾರ್‌ಲಿಂಕ್ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಓಡುತ್ತಾ ಇರುತ್ತವೆ. ಒಂದು ಮರೆಯಾಗುವಷ್ಟರಲ್ಲಿ ಇನ್ನೊಂದನ್ನು ಹಿಡಿಯಬೇಕು. ಅದಕ್ಕೆ ಆಕಾಶ ಅಗಲವಾಗಿ ತೆರೆದಿರಬೇಕು.

ಹತ್ತಿರ ಇರೋದರಿಂದ ಲಾಭವೂ ದೊಡ್ಡದು. ದೂರದ ಉಪಗ್ರಹದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಬರಲು ಅರ್ಧ ಸೆಕೆಂಡಿಗೂ ಜಾಸ್ತಿ. ವಿಡಿಯೋ ಕರೆಯಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಸುಮ್ಮನಾಗುತ್ತಾರೆ. ಇದರಲ್ಲಿ 25ರಿಂದ 60 ಮಿಲಿಸೆಕೆಂಡಿನಲ್ಲಿ ಉತ್ತರ ಬರುತ್ತದೆ. ಆದರೆ ಡಿಶ್‌ಗೆ 50ರಿಂದ 100 ವ್ಯಾಟ್ ಕರೆಂಟ್ ಬೇಕು, ಹಗಲೂ ರಾತ್ರಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ನಿಮ್ಮ ಇನ್ವರ್ಟರ್ ಎಷ್ಟು ಹೊತ್ತು ತಡೆಯುತ್ತದೆ ಅಂತ ಮೊದಲು ನೋಡಿ.

ನೈರೋಬಿ ಕನ್ನಡತಿ

ಸ್ಟಾರ್‌ಲಿಂಕ್ ಇಲ್ಲಿಗೆ 2023ರ ಜುಲೈನಲ್ಲಿ ಬಂತು. ನಿಜ ಹೇಳಬೇಕೆಂದರೆ ಒಳ್ಳೆಯದೇ ಆಯಿತು. ಊರಾಚೆಯ ಶಾಲೆ, ಸಫಾರಿ ಕ್ಯಾಂಪ್, ಚಹಾ ತೋಟಗಳಿಗೆ ಮೊದಲ ಸಲ ಸರಿಯಾದ ನೆಟ್ ಸಿಕ್ಕಿತು. ಹಳೆಯ ಕಂಪನಿಗಳು ತಾವೂ ವೇಗ ಹೆಚ್ಚಿಸಬೇಕಾಯಿತು.

ಆದರೆ 2024ರ ನವೆಂಬರ್‌ನಲ್ಲಿ ನೈರೋಬಿಯಲ್ಲಿ ಹೊಸ ಗ್ರಾಹಕರನ್ನು ತೆಗೆದುಕೊಳ್ಳೋದನ್ನೇ ನಿಲ್ಲಿಸಿದರು. ಜಾಗ ಭರ್ತಿ. ಒಂದು ಕೇರಿಗೆ ಒಂದೇ ಬಾವಿ ಇದ್ದ ಹಾಗೆ ಇದು. ಹತ್ತು ಮನೆಗೆ ಸಾಲುತ್ತದೆ, ಸಾವಿರ ಮನೆಗೆ ಸಾಲಲ್ಲ. ಜನ ಚದುರಿಕೊಂಡಿರುವ ಕಡೆಗೆ ಉಪಗ್ರಹ, ಒತ್ತಾಗಿರುವ ಕಡೆಗೆ ಫೈಬರ್. ಇದನ್ನು ಅದಕ್ಕೆ, ಅದನ್ನು ಇದಕ್ಕೆ ಹಚ್ಚಿದರೆ ಎರಡೂ ಕೆಡುತ್ತವೆ.

ಹುಬ್ಬಳ್ಳಿ ಹುಲಿಯಪ್ಪ

ಇನ್ನಷ್ಟು ಉಪಗ್ರಹ ಹಾರಿಸಿದರೆ ಬಾವಿ ದೊಡ್ಡದಾಗುತ್ತದೆ ಅಲ್ವಾ? ಸಮುದ್ರದ ಕೇಬಲ್ ಕೂಡ ಬೇಡವಾಗುತ್ತದೆ.

ನಿವೃತ್ತ ದೂರವಾಣಿ

ಸಮುದ್ರದ ಕೇಬಲ್ ಬೇಡ ಅಂತ ದಯವಿಟ್ಟು ಹೇಳಬೇಡಿ. ಖಂಡದಿಂದ ಖಂಡಕ್ಕೆ ಹೋಗುವ ಮಾಹಿತಿಯಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಭಾಗ ಇವತ್ತಿಗೂ ನೀರಿನಡಿಯ ಫೈಬರಿನಲ್ಲೇ ಹೋಗುತ್ತದೆ.

ಪೆಸಿಫಿಕ್ ಸಾಗರದ ದ್ವೀಪ ದೇಶ ಟೋಂಗಾ ನೋಡಿ. 2022ರ ಜನವರಿ 15ರಂದು ಸಮುದ್ರದೊಳಗೆ ಜ್ವಾಲಾಮುಖಿ ಸಿಡಿಯಿತು. ಫಿಜಿಗೆ ಹೋಗುವ ಒಂದೇ ಒಂದು ಕೇಬಲ್ ಚೂರುಚೂರು. ದೇಶಕ್ಕೆ ದೇಶವೇ ಹೊರಗಿನವರ ಕೈಗೆ ಸಿಗದಂತಾಯಿತು. ಮಕ್ಕಳು ಬದುಕಿದ್ದಾರೋ ಇಲ್ಲವೋ ಅಂತ ಆಕ್ಲೆಂಡಿನಲ್ಲಿದ್ದ ತಾಯಂದಿರಿಗೆ ಗೊತ್ತಾಗಲಿಲ್ಲ. ರಿಪೇರಿ ಹಡಗು ಬಂದು ಜೋಡಿಸುವಷ್ಟರಲ್ಲಿ ಐದು ವಾರ. ಒಳಗಿನ ದ್ವೀಪಗಳ ಕೇಬಲ್ ಸರಿಯಾಗಲು ವರ್ಷದ ಮೇಲಾಯಿತು. ಆ ಹೊತ್ತಿಗೆ ಉಪಗ್ರಹ ಕೈಹಿಡಿಯಿತು, ನಿಜ. ಆಪತ್ತಿಗೆ ಉಪಗ್ರಹ, ದಿನಬಳಕೆಗೆ ಕೇಬಲ್.

ನಮ್ಮ ಲಕ್ಷದ್ವೀಪದ್ದೂ ಇದೇ ಕತೆ. ಮೊದಲು ಉಪಗ್ರಹವೇ ಗತಿ. 2024ರ ಜನವರಿಯಲ್ಲಿ ಕೊಚ್ಚಿಯಿಂದ 1,868 ಕಿಲೋಮೀಟರ್ ಕೇಬಲ್ ಉದ್ಘಾಟನೆಯಾಯಿತು. ಉಪಗ್ರಹ ಇದ್ದರೂ ಯಾಕೆ ಕೇಬಲ್ ಹಾಕಿದರು ಅಂತ ಯೋಚಿಸಿ.

ಮಂಗಳೂರು ಬಂದರು

ಕೇಬಲ್ ಕೂಡ ಭದ್ರ ಅಂತೇನಿಲ್ಲ ಸಾರ್. 2024ರ ಆರಂಭದಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗೆ ಸಿಕ್ಕ ಹಡಗಿನ ಲಂಗರು ಎಳೆದು ಕೇಬಲ್‌ಗಳು ಹೋದವು. ಅದೇ ಮಾರ್ಚ್‌ನಲ್ಲಿ ಐವರಿ ಕೋಸ್ಟ್ ಹತ್ತಿರ ಒಂದೇ ಸಲಕ್ಕೆ ನಾಲ್ಕು ಕೇಬಲ್ ಕಡಿದು ಪಶ್ಚಿಮ ಆಫ್ರಿಕಾದ ಹಲವು ದೇಶ ತತ್ತರಿಸಿದವು.

ನಿವೃತ್ತ ದೂರವಾಣಿ

ಒಪ್ಪಿದೆ. ಅದಕ್ಕೇ ಒಂದಕ್ಕೆ ಎರಡು ದಾರಿ ಇರಬೇಕು. ಉಪಗ್ರಹದ ಜಾಲವೂ ಹಾಗೇ. 2025ರ ಜುಲೈ 24ರಂದು ಸ್ಟಾರ್‌ಲಿಂಕ್ ಒಳಗಿನ ಸಾಫ್ಟ್‌ವೇರ್ ತಪ್ಪಿನಿಂದ ಎರಡೂವರೆ ಗಂಟೆ ಜಗತ್ತಿನಾದ್ಯಂತ ನಿಂತುಹೋಯಿತು.

ಆಕಾಶ ನೋಡುವವ

ಸ್ವಲ್ಪ ಬೇರೆ ಮಾತು, ಕ್ಷಮಿಸಿ. ಉಪಗ್ರಹ ಜಾಸ್ತಿ ಮಾಡಿ ಅಂತ ಹಗುರವಾಗಿ ಹೇಳುವಾಗ ನನ್ನ ಹೊಟ್ಟೆ ಉರಿಯುತ್ತದೆ. ನಾನು ನಕ್ಷತ್ರಗಳ ಫೋಟೋ ತೆಗೆಯುವವ. ಸಂಜೆ, ಬೆಳಗಿನ ಜಾವ ಚಿತ್ರದ ಮೇಲೆಲ್ಲ ಬಿಳಿ ಗೆರೆ. ದೊಡ್ಡ ದೂರದರ್ಶಕಗಳಿಗೂ ಇದೇ ತೊಂದರೆ.

ಲಡಾಖ್‌ನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ ನಮ್ಮ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಹಿಮಾಲಯನ್ ಚಂದ್ರ ದೂರದರ್ಶಕ ಇದೆ. ಅದನ್ನು ನಡೆಸೋದು ಎಲ್ಲಿಂದ ಗೊತ್ತಾ? ನಮ್ಮ ಹೊಸಕೋಟೆಯಿಂದ, ಉಪಗ್ರಹದ ಸಂಪರ್ಕದ ಮೂಲಕ. ಉಪಗ್ರಹ ಬೇಡ ಅಂತ ನಾನು ಹೇಳಲಾರೆ. ಆದರೆ ಹತ್ತಾರು ಸಾವಿರ ಹಾರಿಸುವ ಮೊದಲು ಯಾರನ್ನು ಕೇಳಿದರು? ಆಕಾಶ ಎಲ್ಲರದ್ದು.

ರಾಯಚೂರು ಬಿಸಿಲು

ಗೆರೆ ಬೀಳುತ್ತದೆ ಅಂತ ಹಳ್ಳಿ ಮಕ್ಕಳಿಗೆ ನೆಟ್ ಬೇಡವೇ?

ಆಕಾಶ ನೋಡುವವ

ಹಾಗೆ ನಾನು ಹೇಳಲೇ ಇಲ್ಲ. ಹೊಳಪು ಕಡಿಮೆ ಮಾಡಿ, ಎಷ್ಟು ಹಾರಿಸಬೇಕು ಅಂತ ಎಲ್ಲ ದೇಶ ಕೂತು ತೀರ್ಮಾನಿಸಲಿ ಅಂತಿದ್ದೇನೆ. ಮೊದಲಿಗಿಂತ ಹೊಳಪು ಕಡಿಮೆ ಮಾಡಿದ್ದಾರೆ ಕೂಡ. ಸಾಲದು.

ದೊಡ್ಡಬಳ್ಳಾಪುರ ಮಗ್ಗ

ನಮ್ಮ ಊರಿನ ಹಳೆಯ ಕತೆ ಒಂದು ಹೇಳಲೇಬೇಕು. 2003ರ ಸುಮಾರಿಗೆ ನಮ್ಮ ತಾಲ್ಲೂಕಿನಲ್ಲಿ ಬಸ್ಸಿನಲ್ಲಿ ಇಂಟರ್ನೆಟ್ ಸಾಗಿಸಿದ್ದರು. ತಮಾಷೆ ಅಲ್ಲ. ಡಾಕ್‌ನೆಟ್ ಅಂತ, ಅಮೆರಿಕದ ಎಂಐಟಿಯಿಂದ ಬಂದವರ ಯೋಜನೆ. ಬಸ್ಸಿನೊಳಗೆ ಒಂದು ವೈಫೈ ಪೆಟ್ಟಿಗೆ. ಹಳ್ಳಿಯ ಕೇಂದ್ರದಲ್ಲಿ ಪಹಣಿಗೆ ಅರ್ಜಿ ಹಾಕಿದರೆ ಕಂಪ್ಯೂಟರಿನಲ್ಲಿ ಕಾಯುತ್ತಿರುತ್ತದೆ. ಬಸ್ಸು ಹತ್ತಿರ ಬಂದ ಕೂಡಲೇ ಅರ್ಜಿ ಬಸ್ಸಿಗೆ ಹತ್ತುತ್ತದೆ. ತಾಲ್ಲೂಕಿಗೆ ಬಂದಾಗ ಭೂಮಿ ಕೇಂದ್ರದ ಕಂಪ್ಯೂಟರಿಗೆ ಇಳಿಯುತ್ತದೆ. ಉತ್ತರ ವಾಪಸ್ ಬಸ್ಸಿನಲ್ಲೇ. ಚಾಲಕರು, ಕಂಡಕ್ಟರ್ ಏನೂ ಮಾಡಬೇಕಿಲ್ಲ. ಬಸ್ಸು ಓಡಿದರೆ ಸಾಕು.

ಕಡಿಮೆ ಖರ್ಚಿನಲ್ಲಿ, ಇರುವ ಬಸ್ಸನ್ನೇ ಬಳಸಿ ಮಾಡಿದ ಕೆಲಸ. ಇದಕ್ಕಿಂತ ಜಾಣತನ ನಾನು ಬಲೂನಿನಲ್ಲೂ ಕಂಡಿಲ್ಲ.

ಕೊಡಚಾದ್ರಿ ತಪ್ಪಲು

ಇದು ನನಗೆ ಗೊತ್ತೇ ಇರಲಿಲ್ಲ! ನಮ್ಮ ರಾಜ್ಯದಲ್ಲೇ?

ನಿವೃತ್ತ ದೂರವಾಣಿ

ಇನ್ನೊಂದು ಸೇರಿಸುತ್ತೇನೆ. 1986ರಲ್ಲಿ ಸರ್ಕಾರದ ದೂರಸಂಪರ್ಕ ಸಂಶೋಧನಾ ಕೇಂದ್ರ ಸಿ-ಡಾಟ್ ಮಾಡಿದ 128 ಲೈನಿನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಬಂದಿದ್ದು ಕಿತ್ತೂರಿಗೆ. ವಿದೇಶಿ ಎಕ್ಸ್‌ಚೇಂಜ್‌ಗೆ ಏಸಿ ಕೋಣೆ ಬೇಕಿತ್ತು. ನಮ್ಮ ಹಳ್ಳಿಯಲ್ಲಿ ಏಸಿ ಎಲ್ಲಿ? ಸ್ಯಾಮ್ ಪಿತ್ರೋಡಾ ಅವರ ತಂಡ ಧೂಳು, ಸೆಕೆ, ಬಂದು ಹೋಗುವ ಕರೆಂಟ್ ಎಲ್ಲವನ್ನೂ ತಡೆದುಕೊಳ್ಳುವ ಹಾಗೆ ಅದನ್ನು ಕಟ್ಟಿತು. ಕಾರ್ಡ್ ಕೆಟ್ಟರೆ ಕಿತ್ತು ಬೇರೆ ಹಾಕಿದರೆ ಆಯಿತು. ನಾವು ಸಾಮಾನ್ಯ ನೌಕರರೇ ಮಾಡುತ್ತಿದ್ದೆವು. ಎಸ್‌ಟಿಡಿ ಬೂತುಗಳು ಹಳ್ಳಿಗೆ ಹಬ್ಬಿದ್ದು ಇಂಥ ಎಕ್ಸ್‌ಚೇಂಜ್‌ಗಳಿಂದ. ಊರಿನ ಸ್ಥಿತಿ ನೋಡಿ ಕಟ್ಟಿದ್ದು ಉಳಿಯುತ್ತದೆ. ನನ್ನ ಅನುಭವ ಇದು.

ಲ್ಯಾಂಕಶೈರ್ ಗೌಡ

ನಾನಿರೋದು ಇಂಗ್ಲೆಂಡಿನ ಉತ್ತರದಲ್ಲಿ. ಶ್ರೀಮಂತ ದೇಶದಲ್ಲೂ ಇದೇ ಗೋಳಿತ್ತು ಅಂದರೆ ನಂಬುತ್ತೀರಾ? ಹಳ್ಳಿಗಳಿಗೆ ಫೈಬರ್ ಹಾಕಿದರೆ ಲಾಭ ಇಲ್ಲ ಅಂತ ದೊಡ್ಡ ಕಂಪನಿಗಳು ಬರಲಿಲ್ಲ. 2011ರಲ್ಲಿ ಊರಿನವರೇ ಸೇರಿ ಬಿ-ಫೋರ್-ಆರ್-ಎನ್ ಅಂತ ಸಂಘ ಕಟ್ಟಿದರು. ರೈತರು ತಮ್ಮ ಹೊಲದಲ್ಲಿ ಪುಕ್ಕಟೆ ದಾರಿ ಬಿಟ್ಟರು. ತಾವೇ ಜೆಸಿಬಿ, ಟ್ರ್ಯಾಕ್ಟರ್ ತಂದು ಕಾಲುವೆ ತೋಡಿದರು. ಮೀಟರ್ ಲೆಕ್ಕದಲ್ಲಿ ಕೂಲಿ, ಕೂಲಿಯ ಬದಲು ಷೇರು ಬೇಕೆಂದರೆ ಅದೂ ಉಂಟು. ಅಜ್ಜಿಯರು ಕೇಕ್ ಮಾಡಿ ತಂದು ಕೊಟ್ಟರು. ಈಗ ಕುರಿ ದೊಡ್ಡಿಯ ಪಕ್ಕದ ಮನೆಗೆ ಒಂದು ಗಿಗಾಬಿಟ್ ವೇಗ, ತಿಂಗಳಿಗೆ ಮೂವತ್ತು ಚಿಲ್ಲರೆ ಪೌಂಡ್. ಲಂಡನ್ನಿನ ಎಷ್ಟೋ ಮನೆಗೆ ಅಷ್ಟಿಲ್ಲ.

ಫೈಬರ್ ಹಾಕುವಾಗ ದುಡ್ಡು ತಿನ್ನೋದು ಗಾಜಿನೆಳೆ ಅಲ್ಲ, ಅಗೆತ ಮತ್ತು ಅನುಮತಿ. ಅವೆರಡೂ ಊರಿನವರ ಕೈಯಲ್ಲಿದ್ದರೆ ಅರ್ಧ ಕೆಲಸ ಆದ ಹಾಗೆ.

ತಂತಿ ಜೋಡಿಸುವವ

ಗೌಡ್ರೇ, ಕೈ ಮುಗಿಯುತ್ತೇನೆ. ಇದನ್ನೇ ನಾನು ಹೇಳೋಕೆ ಹೊರಟಿದ್ದು. ನಮ್ಮಲ್ಲಿ ಒಂದು ಕಂಬಕ್ಕೆ ಅನುಮತಿ ಬೇಕೆಂದರೆ ಒಂದು ಕಡೆ ಅರಣ್ಯ, ಒಂದು ಕಡೆ ಕರೆಂಟಿನವರು, ಒಂದು ಕಡೆ ರಸ್ತೆಯವರು. ಫೈಲು ಓಡಾಡುತ್ತಲೇ ಇರುತ್ತದೆ.

ಜೋಯಿಡಾ ಟೀಚರ್

ಕೊರೊನಾ ವರ್ಷಗಳಲ್ಲಿ ನಮ್ಮ ಮಕ್ಕಳು ಪಾಠಕ್ಕೆ ಗುಡ್ಡ ಹತ್ತಿದ್ದನ್ನು ನಾನು ಕಣ್ಣಾರೆ ಕಂಡವಳು. ಕಂಬಳಿ ಕೊಪ್ಪೆ ಹಾಕಿಕೊಂಡು, ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಕೂರುತ್ತಿದ್ದರು. ಜಿಗಣೆ ಬೇರೆ. ಸಿಗ್ನಲ್ ಒಂದು ಕಡ್ಡಿ ಬಂದರೆ ಹೋಮ್‌ವರ್ಕ್ ಫೋಟೋ ಕಳಿಸಿ ಇಳಿಯುತ್ತಿದ್ದರು. 2021ರಲ್ಲಿ ಮಲೆನಾಡಿನ ಊರುಗಳಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ವೋಟೂ ಇಲ್ಲ ಅಂತ ಬೋರ್ಡ್ ಹಾಕಿದ್ದು ಸುಮ್ನೆ ಅಲ್ಲ.

ಈಗ ಟವರ್ ಬಂದಿದೆ. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ಬ್ಯಾಟರಿ ಹಳೆಯದು, ಜನರೇಟರಿಗೆ ಡೀಸೆಲ್ ತರುವವರಿಲ್ಲ. ಯಂತ್ರ ಕೂರಿಸುವ ದಿನ ಎಲ್ಲರೂ ಬರುತ್ತಾರೆ. ಡೀಸೆಲ್ ಹಾಕುವ ದಿನ ಯಾರೂ ಇಲ್ಲ.

ರಾಯಚೂರು ಬಿಸಿಲು

ನಮ್ಮ ಕಡೆ ಗುಡ್ಡ ಇಲ್ಲ, ಕಾಡಿಲ್ಲ. ಸಿಗ್ನಲ್ ಫುಲ್. ಆದರೂ ನಮ್ಮ ಓಣಿಯಲ್ಲಿ ಎಷ್ಟೋ ಮನೆಗೆ ನೆಟ್ ಇಲ್ಲ. ರೀಚಾರ್ಜ್ ದರ ಏರುತ್ತಲೇ ಇದೆ. ಮನೆಗೊಂದು ಫೋನು, ಅದು ಗಂಡನ ಜೇಬಿನಲ್ಲಿ. ಹೆಂಡತಿ ಕೂಲಿಯ ದುಡ್ಡು ಖಾತೆಗೆ ಬಂತೋ ಇಲ್ಲವೋ ನೋಡಬೇಕೆಂದರೆ ರಾತ್ರಿಯವರೆಗೆ ಕಾಯಬೇಕು.

ನೀವೆಲ್ಲ ಬಲೂನು, ಲೇಸರ್ ಅಂತ ಇಡೀ ದಿನ ಬರೆದಿದ್ದೀರಿ. ಸಿಗ್ನಲ್ ಇದ್ದೂ ಹೊರಗಿರುವವರ ಬಗ್ಗೆ ಒಬ್ಬರೂ ಬರೆದಿಲ್ಲ.

ನೈರೋಬಿ ಕನ್ನಡತಿ

ನೂರಕ್ಕೆ ನೂರು ನಿಜ. ಮೊಬೈಲ್ ಕಂಪನಿಗಳ ಒಕ್ಕೂಟ ಜಿಎಸ್‌ಎಂಎ 2024ರಲ್ಲಿ ಕೊಟ್ಟ ಲೆಕ್ಕ ಹೇಳುತ್ತೇನೆ. ಸಿಗ್ನಲ್ಲೇ ಇಲ್ಲದ ಜಾಗದಲ್ಲಿರುವವರು ಸುಮಾರು 35 ಕೋಟಿ. ಸಿಗ್ನಲ್ ಇದ್ದೂ ಮೊಬೈಲ್ ಇಂಟರ್ನೆಟ್ ಬಳಸದವರು 310 ಕೋಟಿ. ಎಷ್ಟು ಪಟ್ಟು ಜಾಸ್ತಿ ನೋಡಿ. ಉಪಗ್ರಹ, ಬಲೂನು ಎಲ್ಲ ಬಗೆಹರಿಸೋದು ಚಿಕ್ಕ ಲೆಕ್ಕವನ್ನು. ದೊಡ್ಡ ಲೆಕ್ಕ ಫೋನಿನ ಬೆಲೆ, ಡೇಟಾ ಬೆಲೆ, ಓದು, ಸ್ವಂತ ಭಾಷೆಯಲ್ಲಿ ಉಪಯೋಗದ ವಿಷಯ, ಹೆಣ್ಣುಮಕ್ಕಳ ಕೈಗೆ ಫೋನ್.

ಬೆಂಗಳೂರು ಬೈಟ್

ಪುಕ್ಕಟೆ ಕೊಡೋಕೆ ಬಂದಾಗ ನಾವೇ ಬೇಡ ಅಂದೆವಲ್ಲ. ಫೇಸ್‌ಬುಕ್‌ನವರ ಫ್ರೀ ಬೇಸಿಕ್ಸ್ ನೆನಪಿದೆಯಾ?

ಸಿಗ್ನಲ್ ಶಾಸ್ತ್ರಿ

ನೆನಪಿದೆ, ಬೇಡ ಅಂದಿದ್ದು ಸರಿಯಾಗಿಯೇ ಇತ್ತು. ಅದು ಇಂಟರ್ನೆಟ್ ಆಗಿರಲಿಲ್ಲ. ಅವರು ಆರಿಸಿದ ಕೆಲವೇ ತಾಣಗಳು. 2016ರ ಫೆಬ್ರುವರಿ 8ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಒಂದೊಂದು ತಾಣಕ್ಕೆ ಒಂದೊಂದು ದರ ಇಡುವಂತಿಲ್ಲ ಅಂತ ಆದೇಶ ಹೊರಡಿಸಿತು. ಬಡವರಿಗೂ ಪೂರ್ತಿ ಇಂಟರ್ನೆಟ್ಟೇ ಬೇಕು, ಅವರಿಗಾಗಿ ಬೇರೆಯವರು ಆರಿಸಿಕೊಡುವ ತುಂಡಲ್ಲ.

ಬೆಂಗಳೂರು ಬೈಟ್

ಏನೂ ಇಲ್ಲದಿರೋದಕ್ಕಿಂತ ತುಂಡೇ ವಾಸಿ ಅಂತ ಹೇಳುವವರೂ ಇದ್ದರು. ಪೂರ್ತಿ ಇಂಟರ್ನೆಟ್ ಬರುವವರೆಗೆ ಆ ಜನ ಏನು ಮಾಡಬೇಕಿತ್ತು?

ರಾಯಚೂರು ಬಿಸಿಲು

ತುಂಡಿಗೆ ಒಮ್ಮೆ ಅಭ್ಯಾಸವಾದರೆ ಪೂರ್ತಿ ಕೊಡುವ ತುರ್ತು ಯಾರಿಗೂ ಇರಲ್ಲ.

ಶಿವಮೊಗ್ಗ ಸಂತೆ

ಇದೆಲ್ಲ ಇರಲಿ, ಈ ವಾರ ಅಡಿಕೆ ರೇಟು ಎಷ್ಟು?

ನಿರ್ವಾಹಕ

ರೇಟಿಗೆ ಬೇರೆ ಎಳೆ ಇದೆ, ಅಲ್ಲಿ ಕೇಳಿ. ಇಲ್ಲಿ ವಿಷಯಕ್ಕೆ ಬರೋಣ.

ಕಠ್ಮಂಡು ದಾರಿ

ನೇಪಾಳದ ಮಹಾಬೀರ್ ಪುನ್ ಅವರನ್ನು ಯಾರೂ ಹೇಳಲಿಲ್ಲವಲ್ಲ. ಮ್ಯಾಗ್ದಿ ಜಿಲ್ಲೆಯ ನಾಂಗಿ ಅಂತ ಹಳ್ಳಿ. ರಸ್ತೆಯೇ ಇರಲಿಲ್ಲ. ಮೇಷ್ಟ್ರಾಗಿದ್ದ ಅವರು ವೈಫೈ ಪೆಟ್ಟಿಗೆಗೆ ಟಿವಿ ಡಿಶ್ ಕಟ್ಟಿ, ಗುಡ್ಡದ ಮೇಲಿನ ಮರಕ್ಕೆ ರಿಲೇ ಹಾಕಿ, ಕಣಿವೆಯಿಂದ ಕಣಿವೆಗೆ ಸಿಗ್ನಲ್ ದಾಟಿಸಿದರು. ಹಳ್ಳಿಯ ರೋಗಿಯನ್ನು ಪೇಟೆಯ ಡಾಕ್ಟರ್ ಪರದೆಯ ಮೇಲೆ ನೋಡುವ ಹಾಗಾಯಿತು. 2007ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಲೆನಾಡಿಗೆ ಅಮೆರಿಕಕ್ಕಿಂತ ನೇಪಾಳ ಹತ್ತಿರ.

ಸಿಗ್ನಲ್ ಶಾಸ್ತ್ರಿ

ಗುಡ್ಡದಿಂದ ಗುಡ್ಡಕ್ಕೆ ನೇರ ಕಂಡರೆ ಅದು ಇವತ್ತಿಗೂ ಒಳ್ಳೆಯ ದಾರಿ. ಕಾಡಿನೊಳಗೆ ಹೋಗಬೇಕಾದರೆ ಮಾತ್ರ ಕಡಿಮೆ ಆವರ್ತನದ ತರಂಗ ಬೇಕು. 700 ಮೆಗಾಹರ್ಟ್ಸ್ ಎಲೆಗಳ ನಡುವೆ ನುಸುಳುವ ಹಾಗೆ ವೈಫೈ ನುಸುಳಲ್ಲ.

ಇನ್ನು ಮುಂದಿನದ್ದು ನೇರ ಫೋನಿಗೇ ಉಪಗ್ರಹ. ಅಮೆರಿಕದ ಎಎಸ್‌ಟಿ ಕಂಪನಿ 2023ರ ಏಪ್ರಿಲ್‌ನಲ್ಲಿ ಸಾಮಾನ್ಯ ಫೋನಿನಿಂದ ಉಪಗ್ರಹದ ಮೂಲಕ ಕರೆ ಮಾಡಿ ತೋರಿಸಿತು. ಅವರ ಹೊಸ ಬ್ಲೂಬರ್ಡ್ ಉಪಗ್ರಹವನ್ನು 2025ರ ಡಿಸೆಂಬರ್‌ನಲ್ಲಿ ಶ್ರೀಹರಿಕೋಟದಿಂದ ಹೊತ್ತೊಯ್ದಿದ್ದು ನಮ್ಮ ಇಸ್ರೋದ ಎಲ್‌ವಿಎಂ3. ಒನ್‌ವೆಬ್‌ನ 72 ಉಪಗ್ರಹಗಳನ್ನೂ 2022 ಮತ್ತು 2023ರಲ್ಲಿ ಅದೇ ರಾಕೆಟ್ ಹಾರಿಸಿತ್ತು. ಕಾಡಿನಲ್ಲಿ ದಾರಿ ತಪ್ಪಿದವನು ಒಂದು ಮೆಸೇಜ್ ಕಳಿಸಲು ಇದು ದೊಡ್ಡ ವರ. ಇಡೀ ಊರು ವಿಡಿಯೋ ನೋಡಲು ಸಾಲದು.

ಹುಬ್ಬಳ್ಳಿ ಹುಲಿಯಪ್ಪ

ಸ್ಟಾರ್‌ಲಿಂಕ್‌ಗೂ 2025ರ ಜೂನ್‌ನಲ್ಲಿ ಭಾರತದ ಲೈಸೆನ್ಸ್ ಸಿಕ್ಕಿದೆ. ನನ್ನ ಮಾತು ಬದಲಿಲ್ಲ. ಒಂಟಿ ಮನೆಗೆ ನಿಮ್ಮ ಫೈಬರ್ ಯಾವತ್ತೂ ಬರಲ್ಲ, ಡಿಶ್ ಬರುತ್ತದೆ.

ತಂತಿ ಜೋಡಿಸುವವ

ಒಂಟಿ ಮನೆಗೆ ಬರಲಿ, ನನಗೇನೂ ಬೇಜಾರಿಲ್ಲ. ಊರಿಗೆ ಒಂದು ಡಿಶ್ ಶಾಲೆಯ ಮೇಲೆ ಇಟ್ಟು, ಅಲ್ಲಿಂದ ನಾಲ್ಕು ಮನೆಗೆ ನಾನೇ ತಂತಿ ಎಳೆದುಕೊಡುತ್ತೇನೆ. ಆದರೆ ತೋಟದ ಊರುಗಳಿಗೆ ಫೈಬರೇ ಸರಿ.

ಕೊಡಚಾದ್ರಿಯವರೇ, ಮೊದಲು ನಿಮ್ಮ ಗ್ರಾಮ ಪಂಚಾಯಿತಿಗೆ ಹೋಗಿ ಒಂದು ಪೆಟ್ಟಿಗೆ ನೋಡಿ. ಸರ್ಕಾರದ ಭಾರತ್‌ನೆಟ್ ಯೋಜನೆಯಲ್ಲಿ ದೇಶದ ಎರಡು ಲಕ್ಷಕ್ಕೂ ಹೆಚ್ಚು ಪಂಚಾಯಿತಿಗೆ ಫೈಬರ್ ಬಂದಿದೆ. ಎಷ್ಟೋ ಕಡೆ ಪೆಟ್ಟಿಗೆ ಇದೆ, ದೀಪ ಇಲ್ಲ. ದೀಪ ಉರಿಯುತ್ತಿದೆಯಾ? ಉರಿದರೆ ಅಲ್ಲಿಂದ ನಿಮ್ಮ ಊರಿಗೆ ಎಷ್ಟು ದೂರ? ನಡುವೆ ಅರಣ್ಯದ ಜಾಗ ಎಷ್ಟು? ಇಷ್ಟು ಬರೆದು ಹಾಕಿ. ಊರಿನ ಕಿರಾಣಿ ಅಂಗಡಿಯವರು ಸರ್ಕಾರದ ಸಾರ್ವಜನಿಕ ವೈಫೈ ಯೋಜನೆ ಪಿಎಂ-ವಾಣಿಯಲ್ಲಿ ವೈಫೈ ಇಡಬಹುದು, ಅದಕ್ಕೆ ಲೈಸೆನ್ಸ್ ಬೇಡ.

ಕೊಡಚಾದ್ರಿ ತಪ್ಪಲು

ಇವತ್ತೇ ಹೋಗಿ ಬಂದೆ. ಪೆಟ್ಟಿಗೆ ಕಪಾಟಿನ ಮೇಲಿದೆ. ಪವರ್ ದೀಪ ಹಸಿರು, ಲೈನಿನ ದೀಪ ಕೆಂಪು. ಹೋದ ಮಳೆಗಾಲದ ಸಿಡಿಲಿನ ನಂತರ ಹೀಗೇ ಇದೆಯಂತೆ. ನಮ್ಮ ಊರಿಗೆ ಅಲ್ಲಿಂದ ನಾಲ್ಕು ಕಿಲೋಮೀಟರ್, ಒಂದು ಕಡೆ ಮಾತ್ರ ಅರಣ್ಯದ ಜಾಗ ಅಡ್ಡ ಬರುತ್ತದೆ.

ಸಿಡಿಲಿಗೆ ಫೈಬರ್ ಹೋಗುತ್ತದಾ ಅಣ್ಣ? ಗಾಜಿನಲ್ಲಿ ಕರೆಂಟ್ ಹರಿಯಲ್ಲ ಅಂತಾರಲ್ಲ.

ತಂತಿ ಜೋಡಿಸುವವ

ಗಾಜಿನಲ್ಲಿ ಹರಿಯಲ್ಲ. ಆದರೆ ಜೊತೆಗಿರುವ ಉಕ್ಕಿನ ತಂತಿಯಲ್ಲಿ ಹರಿಯುತ್ತದೆ. ಅದು ಪೆಟ್ಟಿಗೆಯವರೆಗೆ ಬಂದಿದ್ದರೆ ಒಳಗಿನದ್ದು ಸುಡುತ್ತದೆ. ಕಟ್ಟಡದ ಹೊರಗೇ ಉಕ್ಕಿನ ತಂತಿ ಕತ್ತರಿಸಿ, ಗಾಜಿನೆಳೆ ಮಾತ್ರ ಒಳಗೆ ಬಿಡಬೇಕು. ಗುಡುಗು ಶುರುವಾದರೆ ಅಡಾಪ್ಟರ್ ಪ್ಲಗ್ ಕೀಳಿ, ಕರೆಂಟಿನ ಕಡೆಯಿಂದಲೂ ಸಿಡಿಲು ಬರುತ್ತದೆ.

ನಿಮ್ಮಲ್ಲಿ ಲೈನೇ ಕಡಿದಿದೆಯೋ, ಪೆಟ್ಟಿಗೆ ಸುಟ್ಟಿದೆಯೋ ಗೊತ್ತಾಗಬೇಕು. ಫೈಬರಿನ ಕನೆಕ್ಟರ್ ಬಿಚ್ಚಿ ಪವರ್ ಮೀಟರ್‌ಗೆ ಹಾಕಿದರೆ ಬೆಳಕು ಬರುತ್ತಿದೆಯಾ ಹೇಳುತ್ತದೆ. ಕಣ್ಣಿಟ್ಟು ಮಾತ್ರ ನೋಡಬೇಡಿ, ಕಣ್ಣಿಗೆ ಅಪಾಯ. ನಿಮ್ಮ ತಾಲ್ಲೂಕಿನಲ್ಲಿ ಕೇಬಲ್ ಮಾಡುವ ಹುಡುಗರ ಹತ್ತಿರ ಮೀಟರ್ ಇರುತ್ತದೆ, ಕರೆಸಿ. ಓದಿದ ಅಂಕಿ ಇಲ್ಲಿ ಹಾಕಿ. ಮೈನಸ್ 27 ಡಿಬಿಎಂಗಿಂತ (ಬೆಳಕಿನ ಬಲದ ಅಳತೆ) ಕೆಳಗಿದ್ದರೆ ದಾರಿಯಲ್ಲಿ ಎಲ್ಲೋ ಜಾಯಿಂಟ್ ಹೋಗಿದೆ.